ಬರ್ಲಿನ್‌ನಲ್ಲಿ ಕೂತು ಇಂಗ್ಲಿಷ್‌ನಲ್ಲಿ ಬರೆದ ಜರ್ಮನ್ ಲೇಖಕ: ಸ್ಟೆಫಾನ್ ಹೈಮ್ ಪ್ರಕರಣ

ಪೂರ್ವ ಬರ್ಲಿನ್ನಿನ ಅಂಚಲ್ಲಿ ಗ್ರ್ಯೂನಾವ್ ಅಂತ ಒಂದು ಏರಿಯಾ ಇದೆ, ಪಕ್ಕದಲ್ಲೇ ನದಿ, ಅಲ್ಲೊಂದು ರಸ್ತೆಗೆ ನಮ್ಮ ರವೀಂದ್ರನಾಥ ಟಾಗೋರರ ಹೆಸರು. ಆ ರಸ್ತೆಯ ಒಂದು ಮನೇಲಿ ಸ್ಟೆಫಾನ್ ಹೈಮ್ ಅನ್ನೋ ಲೇಖಕರು ಎಷ್ಟೋ ವರ್ಷ ಇದ್ರು. ಹುಟ್ಟಿದ್ದು ಜರ್ಮನಿಲಿ, ತಾಯಿಮಾತು ಜರ್ಮನ್, ಹೊರಗೆ ಕಾಲಿಟ್ರೆ ಬೀದಿ ತುಂಬ ಜರ್ಮನ್, ಓದೋ ಜನಾನೂ ಜರ್ಮನ್ನರೇ. ಆದ್ರೆ ಕಾದಂಬರಿ ಬರೆಯೋಕೆ ಕೂತ್ರೆ ಮಾತ್ರ ಮೊದಲ ಡ್ರಾಫ್ಟ್ ಇಂಗ್ಲಿಷ್‌ನಲ್ಲಿ, ಆಮೇಲೆ ಅದನ್ನ ಜರ್ಮನ್‌ಗೆ ತರೋದು, ಬರ್ತಾ ಬರ್ತಾ ಆ ಕೆಲಸಾನೂ ತಾವೇ ಮಾಡ್ಕೊಳ್ಳೋಕೆ ಶುರು ಮಾಡಿದ್ರು. ಅಮೆರಿಕದಲ್ಲಿ ಇದ್ದಾಗ ಹೀಗೆ ಮಾಡಿದ್ರೆ ಅರ್ಥ ಆಗತ್ತೆ. ಅಮೆರಿಕ ಬಿಟ್ಟು ಬಂದು ಇಪ್ಪತ್ತು ವರ್ಷ ಆದ್ಮೇಲೂ ಹೀಗೇ ಮಾಡ್ತಿದ್ರು.

ಮನೆಮಾತು ಒಂದು, ಬರೆಯೋ ಭಾಷೆ ಇನ್ನೊಂದು ಅನ್ನೋದು ಕನ್ನಡದವರಿಗೆ ಹೊಸ ವಿಷ್ಯ ಅಲ್ಲ. ಬೇಂದ್ರೆಯವರ ಮನೆಮಾತು ಮರಾಠಿ, ಮಾಸ್ತಿಯವರದ್ದು ತಮಿಳು. ಆದ್ರೆ ಅವರಿಬ್ರೂ ಸುತ್ತಲಿನ ಜನ ಆಡೋ ಭಾಷೆಯಲ್ಲಿ ಬರೆದ್ರು. ಹೈಮ್ ಮಾಡಿದ್ದು ಉಲ್ಟಾ, ಸುತ್ತ ಯಾರೂ ಆಡದೇ ಇರೋ ಭಾಷೆಲಿ ಬರೆದ್ರು. ನಾನು ಹಗಲೆಲ್ಲ ಆಫೀಸಲ್ಲಿ ಇಂಗ್ಲಿಷ್ ಮೇಲ್ ಬರೆದು ರಾತ್ರಿ ಕನ್ನಡದಲ್ಲಿ ಬರೆಯೋಕೆ ಕೂರೋಳು, ಅದಕ್ಕೇ ಇರಬೇಕು ಈ ಮನುಷ್ಯರ ಕತೆ ನನ್ನನ್ನ ಬಿಡ್ಲೇ ಇಲ್ಲ. ಎರಡನೇ ಭಾಷೆ ಅಂದ್ರೆ ಸಂಬಳದ ಭಾಷೆ ಅಂತಷ್ಟೇ ನಾವು ಅಂದ್ಕೊಂಡಿದೀವಿ, ಇವ್ರಿಗೆ ಅದು ಕಾಲೂರೋಕೆ ಜಾಗ ಆಗಿತ್ತು.

ಮೊದಲಿಂದ ಹೇಳ್ತೀನಿ. 1913ರ ಏಪ್ರಿಲ್ 10ರಂದು ಕೆಮ್ನಿಟ್ಸ್ ಅನ್ನೋ ಊರಲ್ಲಿ ಹುಟ್ಟಿದ್ದು, ಯಹೂದಿ ವ್ಯಾಪಾರಿಯ ಮಗ, ಹೆಸರು ಹೆಲ್ಮುಟ್ ಫ್ಲೀಗ್. ಹೈಸ್ಕೂಲ್ ಹುಡುಗ ಆಗಿದ್ದಾಗಲೇ, 1931ರಲ್ಲಿ, ಊರಿನ ಸೋಷಿಯಲ್ ಡೆಮಾಕ್ರಟ್ ಪತ್ರಿಕೆಲಿ ಒಂದು ಪದ್ಯ ಛಾಪಿಸ್ದ. ಹೆಸರು ‘ರಫ್ತು ವ್ಯಾಪಾರ’ ಅನ್ನೋ ಅರ್ಥದ್ದು. ಆಗ ಜರ್ಮನ್ ಸೇನೆಯ ಆಫೀಸರ್‌ಗಳು ಚೀನಾಕ್ಕೆ ಹೋಗಿ ಅಲ್ಲಿನ ಸೈನ್ಯಕ್ಕೆ ಟ್ರೇನಿಂಗ್ ಕೊಡ್ತಿದ್ರು, ಅದನ್ನೇ ಹಿಡ್ಕೊಂಡು, ನಾವು ರಫ್ತು ಮಾಡ್ತೀವಿ, ಆಫೀಸರ್‌ಗಳನ್ನ ರಫ್ತು ಮಾಡ್ತೀವಿ ಅಂತ ಗೇಲಿ ಮಾಡಿದ್ದ. ಅಷ್ಟಕ್ಕೇ ಸ್ಕೂಲಿಂದ ಹೊರಗೆ ಹಾಕಿದ್ರು. ಹದಿನೆಂಟು ವರ್ಷದ ಹುಡುಗನಿಗೆ ಒಂದು ಪದ್ಯಕ್ಕೆ ಎಷ್ಟು ಬೆಲೆ ತೆರಬೇಕು ಅಂತ ಅವತ್ತೇ ಗೊತ್ತಾಯ್ತು. ಬರ್ಲಿನ್‌ಗೆ ಹೋಗಿ ಸ್ಕೂಲ್ ಮುಗಿಸಿ ಕಾಲೇಜ್ ಸೇರ್ದ.

1933ರ ಫೆಬ್ರವರಿ 27ರ ರಾತ್ರಿ ಬರ್ಲಿನ್ನಿನ ಸಂಸತ್ ಕಟ್ಟಡಕ್ಕೆ, ರೈಖ್‌ಸ್ಟಾಗ್‌ಗೆ, ಬೆಂಕಿ ಬಿತ್ತು. ಬೆಂಕಿ ಹಚ್ಚಿದ್ದು ಕಮ್ಯುನಿಸ್ಟರು ಅಂತ ಹೇಳ್ಕೊಂಡು ನಾಜಿಗಳು ತಮಗಾಗದವ್ರನ್ನೆಲ್ಲ ಹಿಡಿಯೋಕೆ ಶುರು ಮಾಡಿದ್ರು. ಹುಡುಗ ಗಡಿ ದಾಟಿ ಪ್ರಾಗ್ ಸೇರ್ದ. ಊರಲ್ಲಿರೋ ಮನೆಯವ್ರಿಗೆ ತೊಂದ್ರೆ ಆಗಬಾರದು ಅಂತ ಹೆಸರು ಬದಲಾಯಿಸ್ಕೊಂಡ, ಸ್ಟೆಫಾನ್ ಹೈಮ್. ಜರ್ಮನ್‌ನಲ್ಲಿ ‘ಹೈಮ್’ ಅಂತ ಕೇಳಿದ್ರೆ ಮನೆ ಅನ್ನೋ ಪದವೇ ಕಿವಿಗೆ ಬೀಳೋದು, ಸ್ಪೆಲಿಂಗ್‌ನಲ್ಲಿ ಮಾತ್ರ ಒಂದಕ್ಷರ ಬೇರೆ. ಇದನ್ನ ಮೊದಲ ಸಲ ಗಮನಿಸಿದಾಗ ನಂಗೆ ಸ್ವಲ್ಪ ಹೊತ್ತು ಮುಂದಕ್ಕೆ ಓದೋಕೇ ಆಗ್ಲಿಲ್ಲ.

1935ರಲ್ಲಿ ಯಹೂದಿ ವಿದ್ಯಾರ್ಥಿ ಸಂಘಟನೆಯೊಂದರ ಸ್ಕಾಲರ್‌ಶಿಪ್ ಸಿಕ್ಕಿ ಚಿಕಾಗೋ ಯೂನಿವರ್ಸಿಟಿಗೆ ಹೋದ್ರು. ಅಲ್ಲಿ ಎಂಎ ಥೀಸಿಸ್ ಬರೆದಿದ್ದು ಹೈನೆ ಮೇಲೆ, ಅಂದ್ರೆ ಜರ್ಮನಿ ಬಿಟ್ಟು ಪ್ಯಾರಿಸ್‌ನಲ್ಲಿ ಬದುಕಿ ಅಲ್ಲೇ ಸತ್ತ ಇನ್ನೊಬ್ಬ ಯಹೂದಿ ಜರ್ಮನ್ ಕವಿಯ ಮೇಲೆ. (ಈ ಹೈನೆ ಕೊನೇಲಿ ಮತ್ತೆ ಬರ್ತಾರೆ.) 1937ರಿಂದ 39ರವರೆಗೆ ನ್ಯೂಯಾರ್ಕ್‌ನಲ್ಲಿ ನಾಜಿ ವಿರೋಧಿ ಜರ್ಮನ್ ವಾರಪತ್ರಿಕೆ ಒಂದಕ್ಕೆ ಸಂಪಾದಕರು. ಅದು ನಿಂತು ಹೋಯ್ತು. ಹೊಟ್ಟೆಪಾಡಿಗೆ ಪ್ರಿಂಟಿಂಗ್ ಪ್ರೆಸ್ಸಿಗೆ ಆರ್ಡರ್ ಹಿಡಿಯೋ ಸೇಲ್ಸ್‌ಮ್ಯಾನ್ ಕೆಲಸ ಮಾಡ್ತಾ ಬರೆದ ಕಾದಂಬರಿನೇ ‘ಹಾಸ್ಟೇಜಸ್’, 1942ರಲ್ಲಿ ಬಂತು, ನೇರವಾಗಿ ಇಂಗ್ಲಿಷ್‌ನಲ್ಲಿ.

ಅದರ ಕತೆ ನಾಜಿಗಳ ಕೈಲಿದ್ದ ಪ್ರಾಗ್‌ನದ್ದು. ಒಬ್ಬ ಜರ್ಮನ್ ಲೆಫ್ಟಿನೆಂಟ್ ಹೆಂಡದಂಗಡಿಯಿಂದ ಕಾಣೆ ಆಗ್ತಾನೆ, ಆಮೇಲೆ ಹೆಣ ಸಿಗತ್ತೆ, ನಿಜಕ್ಕೂ ಆತ್ಮಹತ್ಯೆ, ಆದ್ರೆ ಗೆಸ್ಟಾಪೋಗೆ, ಅಂದ್ರೆ ನಾಜಿಗಳ ಗುಪ್ತ ಪೊಲೀಸ್‌ಗೆ, ಅದು ಕೊಲೆ ಆಗಬೇಕು, ಅಂಗಡೀಲಿ ಇದ್ದವ್ರನ್ನೆಲ್ಲ ಒತ್ತೆಯಾಳು ಮಾಡ್ಕೊತಾರೆ. ಪುಸ್ತಕ ಚೆನ್ನಾಗಿ ಮಾರಾಟ ಆಯ್ತು, ಮರು ವರ್ಷವೇ ಪ್ಯಾರಮೌಂಟ್ ಕಂಪನಿ ಸಿನಿಮಾ ಮಾಡ್ತು. ಯೋಚ್ನೆ ಮಾಡಿ, ಆ ದೇಶಕ್ಕೆ ಬಂದು ಏಳೇ ವರ್ಷ. ಕಲಿತ ಭಾಷೇಲಿ ಚೀಟಿ ಬರೆಯೋದು ಬೇರೆ, ಪುಟ ತಿರುಗಿಸ್ತಾ ಕೂರಿಸೋ ಕಾದಂಬರಿ ಬರೆಯೋದು ಬೇರೆ. ಥಾಮಸ್ ಮಾನ್ ಥರದ ದೊಡ್ಡವ್ರು ಅಮೆರಿಕದಲ್ಲಿದ್ದಾಗಲೂ ಕಾದಂಬರಿಗಳನ್ನ ಜರ್ಮನ್‌ನಲ್ಲೇ ಬರೆದ್ರು, ಅವ್ರಿಗೆ ಆಗಲೇ ಹೆಸರು ಇತ್ತು, ಅನುವಾದ ಮಾಡೋರು ಇದ್ರು. ಇವ್ರಿಗೆ ಏನೂ ಇರ್ಲಿಲ್ಲ, ಇಂಗ್ಲಿಷ್ ಕಲಿಯದೆ ಬೇರೆ ದಾರಿ ಇರ್ಲಿಲ್ಲ.

1943ರಲ್ಲಿ ಅಮೆರಿಕದ ಸೇನೆ ಸೇರಿದ್ರು. ಮೇರಿಲ್ಯಾಂಡ್‌ನ ಕ್ಯಾಂಪ್ ರಿಚೀ ಅಂತ, ಯುರೋಪಿನಿಂದ ಓಡಿ ಬಂದ ಹುಡುಗರನ್ನ, ಅದ್ರಲ್ಲೂ ಜರ್ಮನ್ ಯಹೂದಿಗಳನ್ನ, ವಿಚಾರಣೆ, ಪ್ರಚಾರ, ಗೂಢಚರ್ಯೆ ಕೆಲಸಕ್ಕೆ ತಯಾರು ಮಾಡ್ತಿದ್ದ ಜಾಗ. 1944ರಲ್ಲಿ ನಾರ್ಮಂಡಿಗೆ ಹೋದ್ರು. ಕೆಲಸ ಏನಪ್ಪಾ ಅಂದ್ರೆ ಎದುರಿಗಿರೋ ಜರ್ಮನ್ ಸೈನಿಕರಿಗೆ ಜರ್ಮನ್‌ನಲ್ಲಿ ಕರಪತ್ರ ಬರೆಯೋದು, ರೇಡಿಯೋಕ್ಕೆ ಬರೆಯೋದು. ಶರಣಾಗಿ, ಊಟ ಸಿಗತ್ತೆ, ಜಿನೀವಾ ಒಪ್ಪಂದದ ಪ್ರಕಾರ ನೋಡ್ಕೊತಾರೆ, ಯುದ್ಧ ನೀವು ಸೋತಾಗಿದೆ. ನಿದ್ದೆಗೆಟ್ಟು, ಕೆಸರಲ್ಲಿ ಕೂತು, ಮೇಲಿಂದ ಉದುರಿದ ಕಾಗದ ಎತ್ಕೊಂಡು ಅರ್ಧ ನಿಮಿಷ ಓದೋ ಹುಡುಗನಿಗೆ ತಟ್ಟಬೇಕು, ಒಂದು ಪದ ಸುಳ್ಳು ಅನ್ನಿಸಿದ್ರೂ ಬಿಸಾಕ್ತಾನೆ. ಹೈಮ್ ಅವರ ಆಮೇಲಿನ ಬರವಣಿಗೆಲಿ ಕಾಣೋ ಬಿಗಿ ಇಲ್ಲಿಂದ ಬಂತು ಅನ್ನೋದು ನನ್ನ ನಂಬಿಕೆ. ತನ್ನನ್ನ ಓಡಿಸಿದ ದೇಶದ ಸೈನಿಕನಿಗೆ ತನ್ನದೇ ತಾಯಿಮಾತಲ್ಲಿ, ಇನ್ನೊಂದು ದೇಶದ ಯೂನಿಫಾರ್ಮ್ ಹಾಕ್ಕೊಂಡು, ಬದುಕ್ಕೋ ಅಂತ ಬರೆಯೋದು ಎಂಥ ಅನುಭವ ಇರಬಹುದು!

ಯುದ್ಧ ಮುಗಿದ್ಮೇಲೆ ಮ್ಯೂನಿಕ್‌ನಲ್ಲಿ ಅಮೆರಿಕನ್ನರು ಜರ್ಮನ್ನರಿಗಾಗಿ ನಡೆಸ್ತಿದ್ದ ಪತ್ರಿಕೆಲಿ ಕೆಲಸ. ಸೋವಿಯತ್ ಪರ ಒಲವು ಜಾಸ್ತಿ ಅಂತ ವಾಪಸ್ ಕಳಿಸಿದ್ರು. 1948ರಲ್ಲಿ ‘ದಿ ಕ್ರುಸೇಡರ್ಸ್’ ಬಂತು, ಅಮೆರಿಕದ ಸೇನೆಯೊಳಗಿನ ಆದರ್ಶ, ಭ್ರಷ್ಟತನ ಎರಡನ್ನೂ ತೋರಿಸೋ ದಪ್ಪ ಯುದ್ಧ ಕಾದಂಬರಿ, ಅದೂ ಬೆಸ್ಟ್‌ಸೆಲ್ಲರ್. ಇದರ ಜರ್ಮನ್ ಅನುವಾದ 1950ರಲ್ಲಿ ಎರಡು ಹೆಸರಲ್ಲಿ ಬಂತು, ಕಮ್ಯುನಿಸ್ಟರ ಪೂರ್ವ ಜರ್ಮನಿಯಲ್ಲಿ ‘ಇಂದಿನ ಧರ್ಮಯೋಧರು’ ಅನ್ನೋ ಅರ್ಥದ ಹೆಸರು, ಪಶ್ಚಿಮ ಜರ್ಮನಿಯಲ್ಲಿ ‘ಕಹಿ ಜಯಮಾಲೆ’ ಅನ್ನೋ ಥರದ್ದು. ಅದೇ ಪುಸ್ತಕ, ಅದೇ ಭಾಷೆ, ದೇಶ ಎರಡಾಗಿತ್ತು ಅಷ್ಟೇ.

ಆಮೇಲೆ ಅಮೆರಿಕದಲ್ಲಿ ಎಡಪಂಥೀಯರನ್ನ ಬೇಟೆ ಆಡೋ ಕಾಲ ಬಂತು. ಹೈಮ್ ಹೆಂಡತಿ ಗರ್ಟ್ರೂಡ್ ಗೆಲ್ಬಿನ್ ಜೊತೆ ಅಮೆರಿಕ ಬಿಟ್ರು, ಪ್ರಾಗ್‌ನಲ್ಲಿ ಸ್ವಲ್ಪ ಕಾಲ ಕಾದು, ಪೂರ್ವ ಜರ್ಮನಿ ಸೇರಿದ್ರು. ಕೊರಿಯಾ ಯುದ್ಧ ವಿರೋಧಿಸಿ, ಅಮೆರಿಕದ ಸೇನೆ ಕೊಟ್ಟಿದ್ದ ಬ್ರಾಂಜ್ ಸ್ಟಾರ್ ಪದಕ ವಾಪಸ್ ಮಾಡಿದ್ರು. ಹೊಸ ಸಮಾಜವಾದಿ ರಾಜ್ಯಕ್ಕೆ ಇಂಥವ್ರು ಬಂದಿದ್ದು ಹೆಮ್ಮೆ, 1953ರಲ್ಲೇ ಹೈನ್ರಿಖ್ ಮಾನ್ ಪ್ರಶಸ್ತಿ, 1959ರಲ್ಲಿ ರಾಷ್ಟ್ರೀಯ ಪ್ರಶಸ್ತಿ, ಪತ್ರಿಕೇಲಿ ಅಂಕಣ, ಒಳ್ಳೆ ಮನೆ. ಗರ್ಟ್ರೂಡ್ ಪೂರ್ವ ಬರ್ಲಿನ್‌ನಲ್ಲೇ ಸೆವೆನ್ ಸೀಸ್ ಅಂತ ಇಂಗ್ಲಿಷ್ ಪೇಪರ್‌ಬ್ಯಾಕ್ ಪ್ರಕಾಶನ ನಡೆಸ್ತಿದ್ರು. ಹಾಗಾಗಿ ಹೊರಗೆ ಜರ್ಮನ್ ಇದ್ರೂ ಮನೆಯೊಳಗೆ ಇಂಗ್ಲಿಷ್ ಜೀವಂತವಾಗಿತ್ತು, ಮೊದಲ ಓದುಗರು ಹೆಂಡತಿನೇ. ಇದನ್ನ ಬಹಳ ಜನ ಒಂದು ಸಾಲಲ್ಲಿ ಮುಗಿಸಿ ಮುಂದಕ್ಕೆ ಹೋಗ್ತಾರೆ, ನಂಗೇನೋ ಇಡೀ ಪ್ರಕರಣಕ್ಕೆ ಇದು ಬಹಳ ಮುಖ್ಯ ಅನ್ಸತ್ತೆ. ಭಾಷೆ ಉಳಿಯೋಕೆ ಡಿಕ್ಷನರಿ ಸಾಲಲ್ಲ, ಮಾತಾಡೋಕೆ ಒಬ್ರಾದ್ರೂ ಬೇಕು. ಗರ್ಟ್ರೂಡ್ 1969ರಲ್ಲಿ ತೀರಿಕೊಂಡ್ರು.

ಗಂಟು ಬಿದ್ದಿದ್ದು 1953ರ ಜೂನ್ 17. ಕೆಲಸದ ಟಾರ್ಗೆಟ್ ಶೇಕಡಾ 10ರಷ್ಟು ಏರಿಸಿದ್ದಕ್ಕೆ ಬರ್ಲಿನ್ನಿನ ಕಟ್ಟಡ ಕಾರ್ಮಿಕರು ಹಿಂದಿನ ದಿನ ಕೆಲಸ ನಿಲ್ಸಿದ್ರು, ಮರುದಿನ ಅದು ದೇಶ ತುಂಬ ಹಬ್ಬಿತು, ಸೋವಿಯತ್ ಟ್ಯಾಂಕ್ ಬಂದು ಅಡಗಿಸ್ತು. ಕಾರ್ಮಿಕರ ರಾಜ್ಯದಲ್ಲಿ ಕಾರ್ಮಿಕರ ಮೇಲೆ ಟ್ಯಾಂಕ್! ಹೈಮ್ ಇದರ ಮೇಲೆ ಕಾದಂಬರಿ ಬರೆದ್ರು, ಹೀರೋ ಒಂದು ಕಾರ್ಖಾನೆಯ ಯೂನಿಯನ್ ಲೀಡರ್, ವಿಟ್ಟೆ ಅಂತ, ಪಾರ್ಟಿ ಮೇಲೂ ನಿಷ್ಠೆ, ಕೆಲಸಗಾರರ ಮೇಲೂ ಕಾಳಜಿ, ನಡುವೆ ಸಿಕ್ಕಿ ನಲುಗೋ ಮನುಷ್ಯ. ಪಶ್ಚಿಮದ ಕೈವಾಡ ಇತ್ತು ಅಂತಾನೂ ಬರೆದ್ರು, ಕಾರ್ಮಿಕರ ಸಿಟ್ಟು ನ್ಯಾಯವಾದದ್ದು ಅಂತಾನೂ ಬರೆದ್ರು. ಎರಡನೇದು ಸರ್ಕಾರಕ್ಕೆ ಗಂಟಲಲ್ಲಿ ಸಿಕ್ಕಿಕೊಂಡ್ತು, ಪುಸ್ತಕ ಹೊರಗೆ ಬರ್ಲಿಲ್ಲ. ತಿದ್ದಿ ಬರೆದ ರೂಪ ‘ಜೂನ್‌ನ ಐದು ದಿನ’ ಅಂತ 1974ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಬಂತು, ಪೂರ್ವದಲ್ಲಿ ಬಂದಿದ್ದು 1989ರಲ್ಲಿ. ಅಲ್ಲಿಗೆ ಘಟನೆ ನಡೆದು ಮೂವತ್ತಾರು ವರ್ಷ.

1965ರ ಡಿಸೆಂಬರ್‌ನ ಪಾರ್ಟಿ ಸಭೇಲಿ ಅಲ್ಲಿನ ದೊಡ್ಡ ನಾಯಕ ಹೋನೆಕರ್ ಅವರೇ ಹೈಮ್ ಹೆಸರು ಎತ್ತಿ ಬೈದ್ರು. ಅಲ್ಲಿಂದ ಬಾಗಿಲು ಮುಚ್ಚಿತು. ಆ ದೇಶದಲ್ಲಿ ನಿಯಮ ಹೀಗಿತ್ತು, ಪುಸ್ತಕ ಮುದ್ರಿಸೋಕೆ ಸರ್ಕಾರದ ಪರ್ಮಿಷನ್ ಬೇಕು, ಹೊರದೇಶಕ್ಕೆ ಕೊಡೋಕೂ ಕಾಪಿರೈಟ್ ಆಫೀಸ್ ಒಪ್ಪಬೇಕು. ಯಾರೂ ನಿಮ್ಮನ್ನ ಹೊಡೆಯಲ್ಲ, ಬರೀಬೇಡ ಅಂತಾನೂ ಹೇಳಲ್ಲ, ಪುಸ್ತಕ ಅಂಗಡಿಗೆ ಬರೋದಿಲ್ಲ ಅಷ್ಟೇ.

ಇಲ್ಲಿಗೆ ಬರತ್ತೆ ‘ದಿ ಕಿಂಗ್ ಡೇವಿಡ್ ರಿಪೋರ್ಟ್’. ಈ ಪ್ರಕರಣದ ಹೃದಯ ಇದೇ ಅಂತ ನಂಗನ್ಸತ್ತೆ.

ರಾಜ ಸೊಲೊಮೋನ ತನ್ನ ಅಪ್ಪ ದಾವೀದನ ಬಗ್ಗೆ ಒಂದು ಅಧಿಕೃತ ಚರಿತ್ರೆ ಬರೆಸ್ಬೇಕು ಅಂತ ಕಮಿಟಿ ಮಾಡ್ತಾನೆ. ಅದಕ್ಕೆ ಏತಾನ ಅನ್ನೋ ವಿದ್ವಾಂಸನನ್ನ ಕರೆಸ್ತಾನೆ. ರಿಪೋರ್ಟಿನ ಪೂರ್ತಿ ಹೆಸರೇ ಅರ್ಧ ಪ್ಯಾರಾ ಉದ್ದ, ಏಕೈಕ, ಸತ್ಯ, ಅಧಿಕೃತ, ಚಾರಿತ್ರಿಕವಾಗಿ ಸರಿಯಾದ, ಸರ್ಕಾರದ ಒಪ್ಪಿಗೆ ಪಡೆದ ಅಂತೆಲ್ಲ ಶುರು ಆಗತ್ತೆ. ಏತಾನ ಪಾಪ ಕೆಲಸಕ್ಕೆ ಇಳೀತಾನೆ, ಹಳೇ ಜನರನ್ನ ಮಾತಾಡಿಸ್ತಾನೆ, ಮಣ್ಣಿನ ಹಲಗೆ ಓದ್ತಾನೆ, ಕೆದಕಿದಷ್ಟೂ ದಾವೀದನ ದಾರಿ ತುಂಬ ಹೆಣ ಸಿಗತ್ತೆ. ಬರೆದ್ರೆ ತಲೆ ಹೋಗತ್ತೆ, ಬರೀದಿದ್ರೆ ಮನಸ್ಸಾಕ್ಷಿ ಒಪ್ಪಲ್ಲ, ಅದಕ್ಕೆ ಸಾಲುಗಳ ನಡುವೆ ಸುಳಿವು ಬಿಡ್ತಾನೆ. ಕೊನೆಗೆ ಸಿಕ್ಕಿಬೀಳ್ತಾನೆ. ಸೊಲೊಮೋನನ ತೀರ್ಪು ಏನು ಗೊತ್ತಾ? ಕೊಂದ್ರೆ ಜನ ಮಾತಾಡ್ತಾರೆ, ಅದಕ್ಕೆ ಕೊಲ್ಲೋದು ಬೇಡ, ಮೌನದಿಂದಲೇ ಸಾಯಿಸೋದು. ಅವನ ಒಂದು ಮಾತೂ ಯಾರ ಕಿವಿಗೂ ಬೀಳಬಾರದು, ಹೆಸರು ಅಳಿಸಿ ಹೋಗಬೇಕು, ಒಂದೇ ಒಂದು ಕೀರ್ತನೆ ಮಾತ್ರ ಉಳೀಲಿ.

ಮನೇಲಿ ಕನ್ನಡ ಬೈಬಲ್ ಇದ್ರೆ ಕೀರ್ತನೆಗಳು 89ನೇದು ತೆಗೆದು ನೋಡಿ, ತಲೆಬರಹದಲ್ಲಿ ಏತಾನನ ಹೆಸರಿದೆ. ಹೈಮ್ ಆ ಒಂದು ಸಾಲಿನ ಹೆಸರನ್ನ ಹಿಡಿದು ಇಡೀ ಮನುಷ್ಯನನ್ನ ಕಟ್ಟಿದ್ರು. ತಾವು ಏಳು ವರ್ಷ ಅನುಭವಿಸಿದ ಶಿಕ್ಷೇನೇ ಅವನ ಬಾಯಿಗೆ ಹಾಕಿದ್ರು.

ಭಾಷೆ ಆಟ ಇನ್ನೂ ಚೆಂದ. ಇಂಗ್ಲಿಷ್ ಪಠ್ಯದಲ್ಲಿ ನಾನೂರು ವರ್ಷ ಹಳೇ ಕಿಂಗ್ ಜೇಮ್ಸ್ ಬೈಬಲ್ಲಿನ ಧಾಟಿ ಇದೆ, ಅದರ ಪಕ್ಕದಲ್ಲೇ ಇವತ್ತಿನ ಸರ್ಕಾರಿ ಫೈಲಿನ ಭಾಷೆ ನುಗ್ಗತ್ತೆ. ಜರ್ಮನ್‌ಗೆ ತರುವಾಗ ಪದಕ್ಕೆ ಪದ ಇಟ್ರೆ ಸತ್ತೇ ಹೋಗತ್ತೆ, ಅಲ್ಲಿ ಲೂಥರ್ ಬೈಬಲ್ಲಿನ ದನಿ ಬೇಕು, ಪೂರ್ವ ಜರ್ಮನಿ ಆಫೀಸಿನ ದನಿ ಬೇಕು. ಅಂದ್ರೆ ಒಂದೇ ಪುಸ್ತಕವನ್ನ ಎರಡು ನೆಲದಲ್ಲಿ ಎರಡು ಸಲ ಬೆಳೆಸಬೇಕು. ಎರಡೂ ಭಾಷೆಯ ಹಳೇ ಗ್ರಂಥದ ಲಯ, ಹೊಸ ಕಚೇರಿಯ ಲಯ ಎರಡೂ ಕಿವೀಲಿ ಇರೋರಿಗೆ ಮಾತ್ರ ಆಗೋ ಕೆಲಸ ಇದು. ಎರಡು ಭಾಷೆ ಬಲ್ಲವ್ರು ಅಂತ ಹೊಗಳ್ತೀವಲ್ಲ, ಅದರ ಅಸಲಿ ಅರ್ಥ ನಂಗೆ ಗೊತ್ತಾಗಿದ್ದು ಇಲ್ಲಿ. 1972ರಲ್ಲಿ ಜರ್ಮನ್ ರೂಪ ಮ್ಯೂನಿಕ್‌ನಲ್ಲಿ ಬಂತು. ಆಗಷ್ಟೇ ಹೋನೆಕರ್ ಅಧಿಕಾರಕ್ಕೆ ಬಂದು ಸ್ವಲ್ಪ ಸಡಿಲ ಬಿಟ್ಟಿದ್ರು, 1973ರಲ್ಲಿ ಪೂರ್ವದಲ್ಲೂ ಬಂತು, ಅದೇ ವರ್ಷ ಇಂಗ್ಲಿಷ್‌ನಲ್ಲೂ ಬಂತು. ಓದಿದವ್ರಿಗೆಲ್ಲ ಸೊಲೊಮೋನ ಯಾರು ಅಂತ ಗೊತ್ತಾಯ್ತು.

ಸಡಿಲ ಜಾಸ್ತಿ ದಿನ ಇರ್ಲಿಲ್ಲ. 1976ರಲ್ಲಿ ಹಾಡುಗಾರ ವೋಲ್ಫ್ ಬಿಯರ್‌ಮನ್ ಪಶ್ಚಿಮಕ್ಕೆ ಕಾರ್ಯಕ್ರಮಕ್ಕೆ ಹೋದಾಗ ಪೌರತ್ವ ಕಿತ್ಕೊಂಡ್ರು, ಅದರ ವಿರುದ್ಧದ ಪತ್ರಕ್ಕೆ ಹೈಮ್ ಸಹಿ ಹಾಕಿದ್ರು. 1979ರಲ್ಲಿ ‘ಕೊಲ್ಲಿನ್’ ಕಾದಂಬರಿ ಪರ್ಮಿಷನ್ ಇಲ್ಲದೆ ಪಶ್ಚಿಮದಲ್ಲಿ ಬಂತು. ಸರ್ಕಾರ ಕೇಸ್ ಹಾಕಿದ್ದು ಕಾದಂಬರಿ ಮೇಲಲ್ಲ, ವಿದೇಶಿ ವಿನಿಮಯ ನಿಯಮ ಮುರಿದ್ರು ಅಂತ! 9,000 ಮಾರ್ಕ್ ದಂಡ. ಜೂನ್‌ನಲ್ಲಿ ಅವ್ರನ್ನೂ ಸೇರಿಸಿ ಒಂಬತ್ತು ಜನರನ್ನ ಲೇಖಕರ ಸಂಘದಿಂದ ಹೊರಹಾಕಿದ್ರು. ಸ್ಟಾಸಿ, ಅಂದ್ರೆ ಗುಪ್ತ ಪೊಲೀಸ್, ಇವ್ರ ಫೈಲಿಗೆ ‘ಡೈವರ್ಸಂಟ್’ ಅಂತ ಗುಟ್ಟಿನ ಹೆಸರು ಇಟ್ಟಿತ್ತು, ಒಳಗಿದ್ದುಕೊಂಡೇ ಬುಡಮೇಲು ಮಾಡೋನು ಅಂತ ಅರ್ಥ.

ಹಾಗಾದ್ರೆ ಇಂಗ್ಲಿಷ್ ಅವ್ರನ್ನ ಕಾಪಾಡ್ತಾ? ಪೂರ್ತಿ ಹೌದು ಅಂದ್ರೆ ತಪ್ಪಾಗತ್ತೆ. ಪೂರ್ವದಲ್ಲಿ ಬಾಗಿಲು ಮುಚ್ಚಿದಾಗ ಕೆಲಸಕ್ಕೆ ಬಂದಿದ್ದು ಹೆಚ್ಚಾಗಿ ಪಶ್ಚಿಮ ಜರ್ಮನಿಯ ಪ್ರಕಾಶಕರು, ಅಲ್ಲಿನ ಟಿವಿ, ರೇಡಿಯೋ. ನಾಜಿಗಳ ವಿರುದ್ಧ ಯೂನಿಫಾರ್ಮ್ ಹಾಕಿ ಹೋರಾಡಿದ ಯಹೂದಿಯನ್ನ ಜೈಲಿಗೆ ಹಾಕೋದು ನಾಜಿ ವಿರೋಧಿ ಅಂತ ಹೇಳ್ಕೊಳ್ಳೋ ಸರ್ಕಾರಕ್ಕೆ ಸುಲಭ ಇರ್ಲಿಲ್ಲ ಅನ್ನೋದೂ ಇದೆ. ಆದ್ರೆ ಆ ಹೆಸರು ಮೊದಲು ಹುಟ್ಟಿದ್ದು ಇಂಗ್ಲಿಷ್‌ನಲ್ಲಿ. ಅದಕ್ಕಿಂತ ದೊಡ್ಡದು, ಬರೆಯುವ ಹೊತ್ತಲ್ಲಿ ಇಂಗ್ಲಿಷ್ ಕೊಟ್ಟ ದೂರ. ಸುತ್ತಲೂ ಜರ್ಮನ್ ಅಂದ್ರೆ ಪಾರ್ಟಿ ಭಾಷಣ, ಪೇಪರ್, ಎಲ್ಲದರಲ್ಲೂ ಸವೆದು ಹೋದ ಪದಗಳು, ಅದೇ ಪದ ಹಿಡ್ಕೊಂಡು ಯೋಚ್ನೆ ಮಾಡಿದ್ರೆ ಯೋಚ್ನೇನೂ ಅದೇ ದಾರಿ ಹಿಡಿಯತ್ತೆ. ಪರಭಾಷೇಲಿ ಬರೆದಾಗ ಪ್ರತಿ ಪದಕ್ಕೂ ನಿಂತು, ನಿಜಕ್ಕೂ ಏನು ಹೇಳ್ತಿದೀನಿ ಅಂತ ಕೇಳ್ಕೋಬೇಕಾಗತ್ತೆ. ಒಂದು ಪ್ಯಾರಾ ಇಂಗ್ಲಿಷಲ್ಲಿ ಬರೆದು ಕನ್ನಡಕ್ಕೆ ತರೋಕೆ ನೋಡಿ, ಎಲ್ಲಿ ಬರೀ ಮಾತಿದೆ, ಎಲ್ಲಿ ವಿಷ್ಯ ಇದೆ ಅಂತ ಕೂಡಲೇ ಗೊತ್ತಾಗತ್ತೆ, ನಾನು ಮಾಡಿ ನೋಡಿದೀನಿ.

ಕಳ್ಕೊಂಡಿದ್ದೂ ಇದೆ. ಅಮೆರಿಕ ಬಿಟ್ಮೇಲೆ ನಲವತ್ತರ ದಶಕದಲ್ಲಿ ಇದ್ದ ಅಲ್ಲಿನ ಓದುಗರು ಮತ್ತೆ ಆ ಮಟ್ಟದಲ್ಲಿ ಸಿಗ್ಲಿಲ್ಲ. ಹೆಂಡತಿ ಹೋದ್ಮೇಲೆ ನಿಧಾನಕ್ಕೆ ಜರ್ಮನ್ನೇ ಮುಂದೆ ಬಂತು, ‘ಕೊಲ್ಲಿನ್’, ‘ಅಹಸ್ವೇರ್’ ಎಲ್ಲ ಮೊದಲು ಓದುಗರ ಕೈಗೆ ಬಂದಿದ್ದು ಜರ್ಮನ್‌ನಲ್ಲಿ.

1989ರ ನವೆಂಬರ್ 4ರಂದು ಬರ್ಲಿನ್ನಿನ ಅಲೆಕ್ಸಾಂಡರ್‌ಪ್ಲಾಟ್ಸ್ ಚೌಕದಲ್ಲಿ ಸುಧಾರಣೆ ಬೇಕು ಅಂತ ಸೇರಿದ್ದ ಲಕ್ಷಾಂತರ ಜನರ ಮುಂದೆ 76 ವರ್ಷದ ಹೈಮ್ ನಿಂತು, ಯಾರೋ ಕಿಟಕಿ ತಳ್ಳಿ ತೆಗೆದ ಹಾಗಿದೆ ಅಂದ್ರು. ಅವ್ರಿಗೆ ಬೇಕಿದ್ದಿದ್ದು ಸುಧಾರಿಸಿದ ಸಮಾಜವಾದ, ಬಂದಿದ್ದು ಪಶ್ಚಿಮದ ಜೊತೆ ವಿಲೀನ. 1994ರಲ್ಲಿ ಪಿಡಿಎಸ್ ಪಟ್ಟಿಯಲ್ಲಿ, ಅಂದ್ರೆ ಪೂರ್ವ ಜರ್ಮನಿಯ ಹಳೇ ಆಳುವ ಪಾರ್ಟಿಯಿಂದ ಹುಟ್ಟಿದ ಪಕ್ಷದ ಪಟ್ಟಿಯಲ್ಲಿ, ನಿಂತು ಪಾರ್ಲಿಮೆಂಟಿಗೆ ಗೆದ್ರು, ಎಲ್ಲರಿಗಿಂತ ಹಿರಿಯ ಸದಸ್ಯರು ಅಂತ ಮೊದಲ ಅಧಿವೇಶನದ ಉದ್ಘಾಟನಾ ಭಾಷಣ ಅವ್ರದ್ದೇ. ನಡೆದಿದ್ದು ರೈಖ್‌ಸ್ಟಾಗ್ ಕಟ್ಟಡದಲ್ಲಿ, 1933ರಲ್ಲಿ ಯಾವುದು ಉರಿದು ಅವ್ರು ಊರು ಬಿಡಬೇಕಾಯ್ತೋ ಅದೇ ಕಟ್ಟಡ. ಭಾಷಣ ಮುಗಿದಾಗ ಆಡಳಿತ ಪಕ್ಷದ ಬಹುತೇಕ ಸದಸ್ಯರು ಚಪ್ಪಾಳೆ ತಟ್ಟಲಿಲ್ಲ. ಮರುವರ್ಷ, ಸಂಸದರ ಭತ್ಯೆ ಏರಿಸೋದನ್ನ ವಿರೋಧಿಸಿ ರಾಜೀನಾಮೆ ಕೊಟ್ರು.

2001ರ ಡಿಸೆಂಬರ್ 16ರಂದು ಇಸ್ರೇಲಿನಲ್ಲಿ, ಮೃತ ಸಮುದ್ರದ ದಡದ ಐನ್ ಬೊಕೆಕ್‌ನಲ್ಲಿ ತೀರಿಕೊಂಡ್ರು. ಹೋಗಿದ್ದು ಹೈನೆ ಬಗ್ಗೆ ನಡೆದ ಒಂದು ವಿಚಾರ ಸಂಕಿರಣಕ್ಕೆ, ಚಿಕಾಗೋದಲ್ಲಿ ಥೀಸಿಸ್ ಬರೆದಿದ್ರಲ್ಲ ಅದೇ ಹೈನೆ. ಸಮಾಧಿ ಬರ್ಲಿನ್ನಿನ ವೈಸೆನ್ಸೇ ಯಹೂದಿ ಸ್ಮಶಾನದಲ್ಲಿದೆ. ಹಸ್ತಪ್ರತಿ, ಪತ್ರ, ಕಟಿಂಗ್‌ಗಳ ಸಂಗ್ರಹ ಮಾತ್ರ ಇಂಗ್ಲೆಂಡಿನ ಕೇಂಬ್ರಿಡ್ಜ್ ಯೂನಿವರ್ಸಿಟಿ ಲೈಬ್ರರಿಲಿದೆ, ಬದುಕಿದ್ದಾಗಲೇ ಅಲ್ಲಿಗೆ ಕೊಟ್ಟಿದ್ರು.

ಓದಬೇಕು ಅನ್ಸಿದ್ರೆ ‘ದಿ ಕಿಂಗ್ ಡೇವಿಡ್ ರಿಪೋರ್ಟ್’ನಿಂದ ಶುರು ಮಾಡಿ, ಇಂಗ್ಲಿಷ್‌ನಲ್ಲೇ ಓದಿ, ಅನುವಾದ ಓದ್ತಿದೀನಿ ಅನ್ನೋ ಹಿಂಜರಿಕೆ ಬೇಡ, ಏತಾನ ಮೊದಲು ಮಾತಾಡಿದ್ದೇ ಆ ಭಾಷೇಲಿ. ಯಾರಾದ್ರೂ ಕನ್ನಡಕ್ಕೆ ತರೋದಾದ್ರೆ ಹಳೇ ಕನ್ನಡ ಬೈಬಲ್ಲಿನ ವಾಕ್ಯಗಳನ್ನ ಜೋರಾಗಿ ಓದಿ ಕಿವಿಗೆ ಹಾಕ್ಕೊಂಡು, ಪಕ್ಕದಲ್ಲಿ ಒಂದು ಸರ್ಕಾರಿ ಸುತ್ತೋಲೆ ಇಟ್ಕೊಂಡು ಕೂರಿ.